ಹಿತ್ತಾಳೆ ಚಂದ್ರದ ಬಂದೂಕು

ಆಯುಧಪೂಜೆಯ ದಿನ ಬಂದೂಕಿಗೂ ಕುಂಕುಮ ಇಟ್ಟಿದ್ದೇ ತಪ್ಪು ಎಂದು ಕೋಣೆಯ ಜೊತೆಗಾರ ಬಾವ ಎಷ್ಟು ಸಲ ಹೇಳಿದರೂ ಚಾಮರಾಜನಿಗೆ ಅದು ತಪ್ಪು ಅನ್ನಿಸಲಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದ ಬಡಗಿಗಳ ಮನೆಯಲ್ಲಿ ಹುಟ್ಟಿದವನು ಅವನು. ಆ ದಿನ ಅಲುಗು ಇರುವುದಕ್ಕೆಲ್ಲ, ತಿರುಗುವುದಕ್ಕೆಲ್ಲ ಪೂಜೆ ಆಗಬೇಕು. ಗರಗಸ, ಉಳಿ, ಕೊಡತಿ, ಕೊನೆಗೆ ಅಡುಗೆಮನೆಯ ಈಳಿಗೆಮಣೆಯನ್ನೂ ಬಿಡುವಂತಿಲ್ಲ. ಬಿಟ್ಟ ಆಯುಧ ಮುನಿಸಿಕೊಂಡು ಯಜಮಾನನ ಕೈಯನ್ನೇ ಕಚ್ಚುತ್ತದೆ ಎಂದು ಅವನ ಅಪ್ಪ ಹೇಳುತ್ತಿದ್ದ. ಅಪ್ಪನ ಎಡಗೈಯಲ್ಲಿ ಮೂರೇ ಬೆರಳಿದ್ದುದರಿಂದ ಆ ಮಾತನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ.

ಹಾಗಾಗಿ ತೊಂಬತ್ತೊಂಬತ್ತರ ಅಕ್ಟೋಬರಿನಲ್ಲಿ, ದುಬೈಯ ಅಲ್ ಕೂಜ್‌ನ ಮರಗೆಲಸದ ಕಾರ್ಖಾನೆಯಲ್ಲಿ ಯಂತ್ರಗಳನ್ನು ನಿಲ್ಲಿಸಿ, ಶಟರ್ ಅರ್ಧ ಇಳಿಸಿ, ಕರಾಮದಿಂದ ತಂದ ಮಲ್ಲಿಗೆಯನ್ನು ತುಂಡು ತುಂಡು ಮಾಡಿ ಹಂಚುವಾಗ, ಅವನು ತನ್ನ ಸಾಮಾನಿನ ಪೆಟ್ಟಿಗೆಯ ತಳದಿಂದ ಕಂಬಳಿ ಸುತ್ತಿದ ಬಂದೂಕನ್ನೂ ತೆಗೆದು ಉಳಿಗಳ ಪಕ್ಕ ಮಲಗಿಸಿದ. ಹಳೆಯ ಬ್ರಿಟಿಷ್ ಮಿಲಿಟರಿ ರೈಫಲ್ಲು. ಕಬ್ಬಿಣದ ಮೇಲೆ ಸಣ್ಣ ಕಿರೀಟದ ಮುದ್ರೆ, ಅದರ ಕೆಳಗೆ ೧೯೧೭ ಎಂಬ ಇಸವಿ. ಭುಜಕ್ಕೆ ಆನಿಸುವ ಮರದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆಯ ಅರ್ಧಚಂದ್ರ, ಚಂದ್ರನ ಮಡಿಲಲ್ಲಿ ಮೂರು ಚುಕ್ಕಿ. ಕುಂಕುಮ ಬಿದ್ದ ಮೇಲೆ ಅದು ಎಲ್ಲ ಆಯುಧಗಳಿಗಿಂತ ಚೆಂದ ಕಂಡಿತು.

ಕಾರ್ಖಾನೆಯ ಮ್ಯಾನೇಜರ್ ಲಿಡ್ವಿನ್ ಮಂಗಳೂರಿನವನು. ಮದುವೆಮನೆಗಳಲ್ಲಿ ಇಲ್ಲಿನ ಹುಡುಗರು ಗಾಳಿಗೆ ಎಸೆದು ಹಿಡಿದು ಕುಣಿಯುವ ನಕಲಿ ಬಂದೂಕು ಅದು ಎಂದುಕೊಂಡ ಅವನು ಹೊಸ ಕ್ಯಾಮೆರಾದಲ್ಲಿ ನಾಲ್ಕು ಫೋಟೋ ತೆಗೆದ. ಒಂದನ್ನು ದೊಡ್ಡದು ಮಾಡಿಸಿ, ಗಾಜು ಹಾಕಿಸಿ, ಆಫೀಸಿನ ಗೋಡೆಗೆ ತೂಗುಹಾಕಿದ. "ಗಿರಾಕಿಗಳಿಗೆ ಇಂಥದ್ದು ಖುಷಿ ಆಗ್ತದೆ," ಎಂದ.

ಮೂರನೇ ವಾರ ಒಬ್ಬ ಗಿರಾಕಿಗೆ ಖುಷಿಯಾಯಿತು.

ಅವನ ಹೆಸರು ಸೈಫ್. ಮೂವತ್ತು ದಾಟಿರಬಹುದು, ನೀರಿನ ಇಲಾಖೆಯಲ್ಲಿ ಇಂಜಿನಿಯರು. ಬಿಳಿ ನಿಲುವಂಗಿಯಲ್ಲಿ ಒಂದು ಸುಕ್ಕಿಲ್ಲ, ದನಿಯಲ್ಲಿ ಒಂದು ಏರಿಲ್ಲ. ಹೊಸ ಮನೆಗೆ ಬಾಗಿಲು ನೋಡಲು ಬಂದವನು ಆ ಫೋಟೋದ ಮುಂದೆ ನಿಂತ. ನಿಂತೇ ಇದ್ದ. ಲಿಡ್ವಿನ್ ತರಿಸಿದ ಚಹಾ ಕೆನೆಗಟ್ಟಿತು.

"ಆಚಾರಿ, ಸ್ವಲ್ಪ ಬನ್ನಿ ನೋಡುವ," ಎಂದು ಲಿಡ್ವಿನ್ ಕೂಗಿದ. "ನಿಮ್ಮ ಗನ್ ಮೇಲೆ ಒಬ್ರಿಗೆ ಲವ್ ಆಗಿದೆ."

ಚಾಮರಾಜ ಕೈಗೆ ಮೆತ್ತಿದ ಮರದ ಹೊಟ್ಟನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದ. ಸೈಫ್ ಚೊಕ್ಕ ಹಿಂದಿಯಲ್ಲಿ ಮಾತಾಡಿದ. ತಾನು ಹಳೆಯ ಮಿಲಿಟರಿ ಬಂದೂಕುಗಳನ್ನು ಕೂಡಿಹಾಕುವವನು, ಮನೆಯಲ್ಲಿ ಹನ್ನೊಂದಿವೆ, ಎಲ್ಲಕ್ಕೂ ಕಾಗದ ಇದೆ, ಇದನ್ನು ಕೊಡುತ್ತೀಯಾ ಎಂದು ಕೇಳಿದ.

"ಅದು ಮಾರೋ ವಸ್ತು ಅಲ್ಲ ಸಾರ್."

"ಬೆಲೆ ನೀನೇ ಹೇಳು. ನಾನು ಚೌಕಾಶಿ ಮಾಡುವುದಿಲ್ಲ."

ಇಪ್ಪತ್ತೊಂದು ವರ್ಷ ಕೊಲ್ಲಿಯಲ್ಲಿ ದುಡಿದ ಚಾಮರಾಜನಿಗೆ ಚೌಕಾಶಿ ಮಾಡದ ಗಿರಾಕಿ ಸಿಕ್ಕಿದ್ದು ಅದೇ ಮೊದಲು. ಅವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಬೆನ್ನಿನ ಮೇಲೆ ಎ.ಸಿ. ಗಾಳಿ ಬಿದ್ದಂತಾಯಿತು.

"ಯೋಚಿಸು. ಎರಡು ವಾರ ಬಿಟ್ಟು ಬರುತ್ತೇನೆ," ಎಂದ ಸೈಫ್. ಹೊರಡುವವನು ತಿರುಗಿ ನಿಂತ. "ಪೂಜೆ ಮಾಡುವಾಗ ಅದರ ಹತ್ತಿರ ಏನು ಬೇಡಿಕೊಂಡೆ?"

"ಏನೂ ಬೇಡಲ್ಲ ಸಾರ್. ಕೈ ಕಚ್ಚಬೇಡಪ್ಪ ಅಂತೀವಿ, ಅಷ್ಟೇ."

ಸೈಫ್ ನಗಲಿಲ್ಲ. "ಒಳ್ಳೆಯ ಪ್ರಾರ್ಥನೆ," ಎಂದ. ಆಮೇಲೆ ಆ ಫೋಟೋವನ್ನು ತನಗೆ ಕೊಡಬಹುದೇ ಎಂದು ಲಿಡ್ವಿನ್‌ನನ್ನು ಕೇಳಿದ. ಬಾಗಿಲಿನ ಆರ್ಡರ್ ಕೈತಪ್ಪೀತೆಂದು ಲಿಡ್ವಿನ್ ಮೊಳೆ ಸಮೇತ ಕಿತ್ತು ಕೊಟ್ಟ.

ಕರಾಮದ ಹಳೇ ಕಟ್ಟಡವೊಂದರಲ್ಲಿ ಪ್ಲೈವುಡ್ ಹೊಡೆದು ಮೂರು ಪಾಲು ಮಾಡಿದ ಕೋಣೆ. ಒಂದು ಪಾಲಿನಲ್ಲಿ ಚಾಮರಾಜ ಮತ್ತು ಬಾವ. ಬಾವ ಬಂಟ್ವಾಳದ ಬ್ಯಾರಿ. ಒಂದು ಕಂಪನಿಯ ವ್ಯಾನು ಓಡಿಸುತ್ತ ದೇಶದ ಎಲ್ಲ ರಸ್ತೆಗಳನ್ನೂ, ಅಷ್ಟೇ ಸಂಖ್ಯೆಯ ಮನೆಗಳ ಗುಟ್ಟುಗಳನ್ನೂ ಬಲ್ಲವನು. ಹದಿನಾಲ್ಕು ವರ್ಷದ ಜೊತೆವಾಸ. ಬಂದೂಕು ಯಾರು ಕೊಟ್ಟಿದ್ದು ಎಂಬುದು ಚಾಮರಾಜನನ್ನು ಬಿಟ್ಟರೆ ಅವನೊಬ್ಬನಿಗೇ ಗೊತ್ತಿತ್ತು.

"ಕೋವಿಗೆ ಮಲ್ಲಿಗೆ ಮುಡಿಸಿ ಫೋಟೋ ತೆಗೆಸಿದ್ರಲ್ಲ ಆಚಾರ್ರೆ, ಮದಿಮ್ಮಾಳಾ ಅದು, ಮದುಮಗಳಾ?" ಎಂದ ಬಾವ, ಮೀನುಸಾರಿಗೆ ಹುಳಿ ಹಿಂಡುತ್ತ. "ಕೊಡಿ, ಖಲಾಸ್ ಮಾಡಿ. ಲೈಸೆನ್ಸ್ ಉಂಟಾ ನಿಮ್ಗೆ?"

"ಯಾವುದಕ್ಕೆ?"

"ಯಾವುದಕ್ಕೆ ಅಂತೆ! ಈಳಿಗೆಮಣೆಗೆ!"

"ಅದು ಇನಾಮು ಬಾವಣ್ಣ. ಇನಾಮು ಮಾರ್ಕೋತಾರಾ ಯಾರಾದ್ರೂ?"

ಬಾವ ಸಾರಿಗೆ ಉಪ್ಪು ಹಾಕಿದ. ಚಾಮರಾಜನ ಬಾಯಲ್ಲಿ ಆ ಶಬ್ದ ಬಂದಾಗಲೆಲ್ಲ ಎದೆ ಎರಡಂಗುಲ ಉಬ್ಬುತ್ತದೆ ಎಂದು ಅವನಿಗೆ ಗೊತ್ತಿತ್ತು. ಕಂಪನಿ ಇಪ್ಪತ್ತೊಂದು ವರ್ಷದಲ್ಲಿ ಒಂದು ಕ್ಯಾಲೆಂಡರನ್ನೂ ಕೊಟ್ಟಿರಲಿಲ್ಲ. ಅವನ ಕೈಕೆಲಸಕ್ಕೆ ಸಿಕ್ಕ ಮರ್ಯಾದೆ ಎಂದರೆ ಅದೊಂದೇ.

ಆ ಮರ್ಯಾದೆಯ ಕಥೆ ಹೀಗಿತ್ತು. ಎರಡು ವರ್ಷದ ಹಿಂದೆ ಚಾಮರಾಜ ಖವಾನೀಜ್‌ನ ಒಂದು ತೋಟದ ಮನೆಯಲ್ಲಿ ಆರು ತಿಂಗಳು ಕೆಲಸ ಮಾಡಿದ. ಬೀಟೆಮರದಲ್ಲಿ ದಂತ, ಹಿತ್ತಾಳೆ ಕೂರಿಸುವ ಮೈಸೂರಿನ ಕುಸುರಿ ಅವನ ಕುಲದ ವಿದ್ಯೆ. ಇಲ್ಲಿ ದಂತದ ಬದಲು ಮೂಳೆ. ಮನೆಯ ಯಜಮಾನ ಅಬೂ ರಾಶಿದ್, ಎಂಬತ್ತರ ಹತ್ತಿರದ ಮುದುಕ, ಬೆಟ್ಟದ ಸೀಮೆಯಿಂದ ಬಂದು ನೆಲೆಸಿದವನು, ದಿನವೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವನ ಕೈಯನ್ನೇ ನೋಡುತ್ತ ಕೂರುತ್ತಿದ್ದ. 'ಉಸ್ತಾದ್' ಎನ್ನುತ್ತಿದ್ದ. ಒಂದು ದಿನ ಕಂಬಳಿ ಸುತ್ತಿದ ಬಂದೂಕು ತಂದ. ಮರದ ಕುತ್ತಿಗೆ ಬಿರುಕು ಬಿಟ್ಟಿತ್ತು. "ಒಡೆದಿದೆ. ಕೂಡಿಸು," ಎಂದ, ಅಷ್ಟೇ.

ಕಾರ್ಖಾನೆಗೆ ತಂದು ಚಾಮರಾಜ ಬಿರುಕಿಗೆ ಒಳಗಿಂದ ಮರದ ಗೂಟ ಹೊಡೆದು, ಅಂಟು ಕಟ್ಟಿ, ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದಾಗ ಹಿಂಬದಿಯ ಮರದಲ್ಲಿ ಒಂದು ಕಪ್ಪು ಗಾಯ ಕಂಡಿತು. ಯಾರೋ ಕುಳಿ ತೋಡಿ, ರಾಳ, ಮಸಿ, ಖರ್ಜೂರದ ಪಾಕ ಎಲ್ಲ ಕಲಸಿ ಮೆತ್ತಿದ್ದರು. ಒರಟು ಕೆಲಸ, ಬಡಗಿ ಮಾಡಿದ್ದಲ್ಲ. ಮೊನೆಯುಳಿಯಿಂದ ಕೆದಕಿದಾಗ ಒಳಗೆ ಹಳದಿ ಮಿನುಗಿತು. ಆಮೇಲೆ ಅವನ ಕೈ ಸುಮ್ಮನಿರಲಿಲ್ಲ. ಮೂರು ದಿನ ಊಟದ ಹೊತ್ತಿನಲ್ಲೆಲ್ಲ ಕೂತು, ಸೂಜಿಯಂಥ ಉಳಿಯಿಂದ ಆ ಕಪ್ಪನ್ನೆಲ್ಲ ಬಿಡಿಸಿ, ಒಳಗಿದ್ದ ಚಂದ್ರನನ್ನು ಹೊರಗೆ ತಂದ. ಮೂರು ಚುಕ್ಕಿಗಳಲ್ಲಿ ಒಂದು ಕಳಚಿಹೋಗಿತ್ತು. ಹಿತ್ತಾಳೆ ತಂತಿ ಕತ್ತರಿಸಿ ಹೊಸದು ಕೂರಿಸಿದ. ಅರಗಿನ ಪಾಲಿಶ್ ಕೊಟ್ಟ. ಯಜಮಾನ ಕೇಳಿರದ ಕೆಲಸ ಅದು. ನೋಡಿದರೆ ಹಿಗ್ಗುತ್ತಾನೆ ಎಂದುಕೊಂಡಿದ್ದ.

ಮುದುಕ ಬಂದೂಕು ತೆಗೆದುಕೊಂಡು ಕುತ್ತಿಗೆಯನ್ನು ಸವರಿದ. ಹೆಬ್ಬೆರಳು ಹಿಂದಕ್ಕೆ ಜಾರಿ ಚಂದ್ರನಿಗೆ ತಗುಲಿತು. ಕಾದ ಕಾವಲಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾನೇ ಕಂಬಳಿ ಸುತ್ತಿ ಚಾಮರಾಜನ ಕೈಗೆ ವಾಪಸು ಇಟ್ಟ.

"ಇದು ನಿನಗೆ. ಇನಾಮು."

"ಅಯ್ಯೋ, ನನಗ್ಯಾಕೆ ಮಾಲಿಕ್..."

"ಕೊಟ್ಟದ್ದನ್ನು ಹಿಂದಕ್ಕೆ ಕೊಡಬಾರದು. ನನ್ನ ಮಕ್ಕಳಿಗೂ ಹೇಳಬೇಡ. ಯಾರಿಗೂ ಹೇಳಬೇಡ."

ಅಷ್ಟು ದೊಡ್ಡ ಮನುಷ್ಯ ತನ್ನ ಕುಸುರಿಗೆ ಸೋತು ಮಾತು ಕಳೆದುಕೊಂಡ ಎಂದು ಚಾಮರಾಜ ತಿಳಿದ. ಆ ತಿಂಗಳು ಹೆಂಡತಿ ಕಾಂತಮ್ಮನಿಗೆ ಬರೆದ ಕಾಗದದಲ್ಲಿ, ಏನು ಎಂದು ಹೇಳದೆ, 'ಇಲ್ಲಿ ನನಗೆ ಒಂದು ದೊಡ್ಡ ಸನ್ಮಾನವಾಯಿತು' ಎಂದು ಮಾತ್ರ ಬರೆದಿದ್ದ.

ಎರಡು ವಾರ ಎಂದಿದ್ದ ಸೈಫ್ ಒಂಬತ್ತನೇ ದಿನಕ್ಕೇ ಬಂದ. ಮಧ್ಯಾಹ್ನದ ಊಟದ ಹೊತ್ತು; ಯಂತ್ರಗಳು ನಿಂತಿದ್ದವು. ಲಿಡ್ವಿನ್‌ನ ಆಫೀಸಿಗೆ ಹೋಗದೆ ನೇರ ಒಳಗೆ ಬಂದು, ಹಲಗೆಗಳ ರಾಶಿಯ ಮೇಲೆ, ಬಿಳಿ ಬಟ್ಟೆಗೆ ಧೂಳಾಗುತ್ತದೆಂಬ ಪರಿವೆಯಿಲ್ಲದೆ ಕೂತ.

"ನಿನಗೆ ಪೂರ್ತಿ ಹೇಳದೆ ವ್ಯಾಪಾರ ಮಾಡುವುದು ಸರಿಯಲ್ಲ ಅನ್ನಿಸಿತು," ಎಂದ. "ಅದು ನನ್ನ ಅಜ್ಜನ ಬಂದೂಕು."

ಚಾಮರಾಜ ಬುತ್ತಿಯ ಮುಚ್ಚಳ ಮುಚ್ಚಿದ.

"ಸೂರ್ ಪಟ್ಟಣದ ಅಕ್ಕಸಾಲಿಗನ ಹತ್ತಿರ ಅಜ್ಜ ಆ ಚಂದ್ರನನ್ನು ಮಾಡಿಸಿದ್ದ. ಒಂದೊಂದು ಮಗು ಹುಟ್ಟಿದಾಗ ಒಂದೊಂದು ಚುಕ್ಕಿ. ಮೂರು ಹೆಣ್ಣು, ಮೂರು ಚುಕ್ಕಿ. ನಾಲ್ಕನೆಯವನು ನನ್ನ ಅಪ್ಪ. ಅವನ ಚುಕ್ಕಿ ಹಾಕಿಸುವುದಕ್ಕೆ ಅಜ್ಜ ಉಳಿಯಲಿಲ್ಲ." ಸೈಫ್ ಹಲಗೆಯ ಮೇಲಿದ್ದ ಸುರುಳಿ ಹೊಟ್ಟೊಂದನ್ನು ಎತ್ತಿ ಬಿಡಿಸತೊಡಗಿದ. "ಎಣ್ಣೆ ಸಿಗುವುದಕ್ಕೆ ಮುಂಚಿನ ಕಾಲ. ಬೆಟ್ಟದ ಬುಡದಲ್ಲಿ ಒಂದು ಬಾವಿ, ಅದಕ್ಕೆ ಎರಡು ಊರು. ಜಗಳ. ಒಂದು ಸಂಜೆ ಅಜ್ಜನ ಒಂಟೆ ಒಂದೇ ಮನೆಗೆ ಬಂತು. ಮೂರನೇ ದಿನ ಹೆಣ ಸಿಕ್ಕಿತು. ಬಂದೂಕು ಸಿಗಲಿಲ್ಲ. ಆ ಬಂದೂಕು ಯಾವ ಮನೆಯಲ್ಲಿ ಸಿಗುತ್ತದೋ ಆ ಮನೆಯವನೇ ಕೊಂದವನು ಎಂದು ನಮ್ಮವರು ಐವತ್ತು ವರ್ಷ ಕಾದರು. ಅದು ಸಿಕ್ಕಿದ್ದು ನಿನ್ನ ಮಲ್ಲಿಗೆ ಹೂವಿನ ಕೆಳಗೆ."

"ನಾನು... ನಾನು ಮೈಸೂರಿನವನು ಸಾರ್."

"ಗೊತ್ತು," ಎಂದ ಸೈಫ್, ಮೊದಲ ಸಲ ನಗುತ್ತ. "ನಿನ್ನ ಮೇಲೆ ಅನುಮಾನವಿಲ್ಲ. ನನ್ನ ಅಜ್ಜಿ ಇನ್ನೂ ಇದ್ದಾಳೆ. ಕಣ್ಣು ಹೋಗಿದೆ. ಬೆರಳಿಟ್ಟರೆ ಸಾಕು, ಅವಳಿಗೆ ಗೊತ್ತಾಗುತ್ತದೆ. ನನಗೆ ಎರಡು ಬೇಕು. ಬಂದೂಕು. ಅದನ್ನು ನಿನಗೆ ಕೊಟ್ಟವನ ಹೆಸರು."

"ಹೆಸರು ತಗೊಂಡು ಏನ್ಮಾಡ್ತೀರಿ?"

"ಅಜ್ಜಿಗೆ ಹೇಳುತ್ತೇನೆ."

"ಆಮೇಲೆ?"

ಸೈಫ್ ಬಿಡಿಸಿದ ಹೊಟ್ಟನ್ನು ನೆಟ್ಟಗೆ ಹಿಡಿದು ನೋಡಿದ. ಬಿಟ್ಟ ಕೂಡಲೆ ಅದು ಮತ್ತೆ ಸುತ್ತಿಕೊಂಡಿತು. "ಆಮೇಲಿನದನ್ನು ಅಜ್ಜಿ ಹೇಳುತ್ತಾಳೆ."

ಎದ್ದು ಬಟ್ಟೆ ಕೊಡವಿಕೊಂಡ. "ಪೊಲೀಸರಿಗೆ ಹೇಳಬಹುದಿತ್ತು. ಹೇಳಿದರೆ ಬಂದೂಕು ಅವರ ಕಪಾಟಿಗೆ ಹೋಗುತ್ತದೆ, ನೀನು ಜೈಲಿಗೆ, ಅಲ್ಲಿಂದ ವಿಮಾನಕ್ಕೆ. ಹೆಸರೂ ನಿನ್ನ ಜೊತೆ ಹೋಗುತ್ತದೆ. ಅದು ನನಗೆ ಬೇಡ. ಗುರುವಾರ ಬರುತ್ತೇನೆ."

ಅವನು ಹೋದ ಮೇಲೆ ಚಾಮರಾಜ ಬುತ್ತಿಯ ಅನ್ನವನ್ನು ನೋಡುತ್ತ ಕೂತ. ಕಾವಲಿ ಮುಟ್ಟಿದಂತೆ ಹಿಂದಕ್ಕೆ ಬಂದ ಆ ಹೆಬ್ಬೆರಳು ಕಣ್ಣಮುಂದೆ ಬಂತು. ಅದು ಹಿಗ್ಗಲ್ಲ. ಅರ್ಧ ಶತಮಾನ ಮಸಿ ಮೆತ್ತಿ ಹೂತಿಟ್ಟದ್ದನ್ನು ಒಬ್ಬ ಪರದೇಶಿ ಬಡಗಿ ಮೂರು ದಿನ ಕೂತು, ಊಟ ಬಿಟ್ಟು, ಅಗೆದು, ತೊಳೆದು, ಹೊಳಪು ಕೊಟ್ಟು ಕೈಗೆ ತಂದಿಟ್ಟಿದ್ದ. ಅಂಥದ್ದನ್ನು ಯಾರು ಮನೆಯಲ್ಲಿಟ್ಟುಕೊಳ್ಳುತ್ತಾರೆ? ಯಾವ ಊರಿಗೂ, ಯಾವ ಬಾವಿಗೂ ಸೇರದ ಒಬ್ಬನ ಕೊರಳಿಗೆ ಕಟ್ಟಿ ಕಳಿಸುವುದೇ ಲೇಸು. ಎರಡು ವರ್ಷ ಎದೆಯುಬ್ಬಿಸಿಕೊಂಡು ತಿರುಗಿದ ಇನಾಮು ಅದು. ಚಾಮರಾಜನಿಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಭಯ ಬಂತು.

ಮಂಗಳವಾರ ಬಾವನಿಗೆ ಅಬುಧಾಬಿಗೆ ಟೈಲ್ಸ್ ಒಯ್ಯುವುದಿತ್ತು. ಚಾಮರಾಜ ಹಲ್ಲುನೋವೆಂದು ರಜೆ ಹಾಕಿ ವ್ಯಾನು ಹತ್ತಿದ. ಅಬೂ ರಾಶಿದ್‌ಗೆ ಕಳೆದ ವರ್ಷ ಲಕ್ವ ಹೊಡೆದು, ಈಗ ಅವನು ಅಬುಧಾಬಿಯಲ್ಲಿ ಹಿರಿಮಗ ರಾಶಿದ್‌ನ ಮನೆಯಲ್ಲಿರುವುದಾಗಿ ಕೇಳಿದ್ದ. ಕೊಟ್ಟವನೇ ಹೇಳಲಿ, ಇಟ್ಟುಕೊಳ್ಳಲೋ ಬಿಡಲೋ.

ರಾಶಿದ್ ಅವನನ್ನು ಬಾಗಿಲಲ್ಲೇ ಗುರುತಿಸಿದ. "ನಮ್ಮ ತೋಟದ ಬಾಗಿಲಿನ ಉಸ್ತಾದ್!" ಎಂದು ಕೈ ಹಿಡಿದು ಒಳಗೆ ಕರೆದು, ಖರ್ಜೂರ, ಕಾವಾ ಕಾಫಿ ತಾನೇ ಮುಂದಿಟ್ಟ. ಐವತ್ತರ ಸುಮಾರಿನ, ಬ್ಯಾಂಕಿನಲ್ಲಿ ಕೆಲಸ ಮಾಡುವ, ಹೊಟ್ಟೆ ಬಂದ ಸಾಧು ಮನುಷ್ಯ. ಅವನ ಏಳೆಂಟು ವರ್ಷದ ಮಗಳು ಜಮಖಾನೆಯ ಮೇಲೆ ಬೋರಲು ಮಲಗಿ ಒಂದು ಬೆಕ್ಕಿನ ಚಿತ್ರಕ್ಕೆ ಹಸಿರು ಬಣ್ಣ ಹಚ್ಚುತ್ತಿದ್ದಳು. ಗಾಲಿಕುರ್ಚಿಯಲ್ಲಿ ಮುದುಕ. ಮುಖದ ಅರ್ಧ ಕೆಳಗೆ ಜಾರಿತ್ತು. ಮಾತು ಪೂರ್ತಿ ಹೋಗಿತ್ತು.

"ಅಪ್ಪನಿಗೆ ನಿನ್ನ ಕೆಲಸ ಬಹಳ ಇಷ್ಟವಾಗಿತ್ತು. ನೋಡುವುದಕ್ಕೆ ಇಷ್ಟು ದೂರ ಬಂದೆಯಲ್ಲ," ಎಂದು ರಾಶಿದ್‌ನ ಕಣ್ಣು ಒದ್ದೆಯಾಯಿತು. ಅವನಿಗೆ ಏನೂ ಗೊತ್ತಿಲ್ಲ ಎಂಬುದು ಅದರಿಂದಲೇ ಚಾಮರಾಜನಿಗೆ ತಿಳಿಯಿತು.

ಫೋನು ಬಂದು ರಾಶಿದ್ ಒಳಗೆ ಹೋದಾಗ ಚಾಮರಾಜ ಕುರ್ಚಿಯ ಪಕ್ಕ ಮಂಡಿಯೂರಿದ. "ಮಾಲಿಕ್," ಎಂದು ಕಿವಿಯಲ್ಲಿ ಹೇಳಿದ, "ಚಂದ್ರನ ಮನೆಯವರು ಬಂದಿದ್ದಾರೆ. ಬಂದೂಕು ಕೇಳ್ತಿದ್ದಾರೆ. ಹೆಸರೂ ಕೇಳ್ತಿದ್ದಾರೆ. ನಾನೇನು ಮಾಡಲಿ?"

ಮುದುಕನ ನೆಟ್ಟಗಿದ್ದ ಕಣ್ಣು ನಿಧಾನವಾಗಿ ಹೊರಳಿತು. ಒಳ್ಳೆಯ ಕೈ ಮೇಲೆದ್ದು ಚಾಮರಾಜನ ಮುಂಗೈಯನ್ನು ಹಿಡಿಯಿತು. ಅಷ್ಟು ಬಲ ಆ ದೇಹದಲ್ಲಿ ಇನ್ನೂ ಉಳಿದಿದೆಯೆಂದು ಅವನು ಎಣಿಸಿರಲಿಲ್ಲ. ಕೊಡಬೇಡ ಎನ್ನುತ್ತಿದ್ದಾನೋ, ಕೊಟ್ಟುಬಿಡು ಎನ್ನುತ್ತಿದ್ದಾನೋ. ಕಣ್ಣಿನಲ್ಲಿ ಓದಲು ನೋಡಿದರೆ ಅಲ್ಲಿ ಬರೀ ಹೆದರಿಕೆ ಇತ್ತು. ರಾಶಿದ್ ಬಂದು, ಕ್ಷಮೆ ಕೇಳುತ್ತ, ತಂದೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಹೀಗೇ ಮಾಡುತ್ತಾನೆ. ಹಿಡಿದರೆ ಬಿಡುವುದಿಲ್ಲ." ಹುಡುಗಿ ತಲೆಯೆತ್ತಿ ನೋಡಿ ನಕ್ಕು ಮತ್ತೆ ಬೆಕ್ಕಿನ ಬಾಲಕ್ಕೆ ಬಣ್ಣ ಹಚ್ಚಿದಳು.

ವಾಪಸು ಬರುವಾಗ ವ್ಯಾನಿನಲ್ಲಿ ಚಾಮರಾಜ ಬಾವನಿಗೆ ನಡೆದದ್ದನ್ನೆಲ್ಲ ಹೇಳಿದ. ರಸ್ತೆಯ ಎರಡೂ ಕಡೆ ಮರಳು, ಬೇಲಿ, ಮರಳು.

"ಸಮುದ್ರಕ್ಕೆ ಎಸೆದುಬಿಡುವಾ?" ಎಂದ ಬಾವ ಕೊನೆಗೆ.

"ಎಸೆದ್ರೆ? ಗುರುವಾರ ಬಂದು ಎಲ್ಲಿ ಅಂತಾನೆ. ಇಟ್ಕೊಂಡ್ರೂ ಬರ್ತಾನೆ. ಪ್ರತಿ ಗುರುವಾರ ಬರ್ತಾನೆ, ಬಾವಣ್ಣ. ಜೋರು ಮಾಡಲ್ಲ, ಬಯ್ಯಲ್ಲ, ಸುಮ್ನೆ ಬಂದು ಕೂರ್ತಾನೆ. ಒಂದಿನ ನನ್ನ ಬಾಯಿಂದ ಬಂದೇ ಬರುತ್ತೆ." ಚಾಮರಾಜ ಮುಂಗೈ ತಿಕ್ಕಿಕೊಂಡ, ನಾಲ್ಕು ಬೆರಳಿನ ಗುರುತು ಕೆಂಪಗೆ ಮೂಡಿತ್ತು. "ಆ ಮಗೂನ ನೋಡ್ಬಾರದಿತ್ತು ನಾನು."

"ಇಂಜಿನಿಯರು ಅಲ್ವಾ ಅವ್ನು? ಈ ಕಾಲದಲ್ಲಿ ಎಂತ ಮಾಡ್ತಾನೆ? ಅಜ್ಜಿಗೆ ಹೇಳ್ತಾನೆ, ಅಜ್ಜಿ ಕೂಗ್ತಾಳೆ, ಮುಗೀತು."

"ಹಾಗಂತ ಆಣೆ ಮಾಡ್ತೀರಾ?"

ಬಾವ ಗೇರು ಬದಲಾಯಿಸಿದ.

"ಬಂದೂಕು ಕೊಟ್ಬಿಡ್ತೀನಿ," ಎಂದ ಚಾಮರಾಜ. "ಕಾಸು ತಗೊಳಲ್ಲ. ಅವರದು ಅವರಿಗೆ. ಹೆಸರು ಮಾತ್ರ ಬೇರೆ ಹೇಳ್ತೀನಿ. ಸತ್ತೋಗಿರೋನ ಹೆಸರು."

"ಯಾವ ಸತ್ತವ?"

"ಯಾರೂ ಅಲ್ಲ. ಇಲ್ದೇ ಇರೋನು. ಇಲ್ದೇ ಇರೋನಿಗೆ ಯಾರೇನು ಮಾಡಕ್ಕಾಗುತ್ತೆ?"

ಬಾವನಿಗೆ ಅದು ಹಿಡಿಸಿತು. ಇಪ್ಪತ್ತು ವರ್ಷ ಇದ್ದರೂ ಇಬ್ಬರಿಗೂ ಇಲ್ಲಿನವರ ಹೆಸರು ಗೊತ್ತಿದ್ದದ್ದು ಅಂಗಡಿ ಬೋರ್ಡುಗಳಿಂದ; ಮಾಲೀಕ ಎಲ್ಲೋ ಇರುತ್ತಾನೆ, ಒಳಗೆ ಕೇರಳದವನೋ ಪಠಾಣನೋ ಕೂತಿರುತ್ತಾನೆ, ಹೊರಗೆ ಹೆಸರು ಮಾತ್ರ ಅರಬನದು. ದುಬೈ ಹತ್ತಿರವಾದಂತೆ ಬೋರ್ಡುಗಳು ಬರತೊಡಗಿದವು. "ಮತರ್ ಗ್ರೋಸರಿ," ಎಂದು ಓದಿದ ಬಾವ. "ಇದು ಆದೀತಾ?" ಮುಂದೆ ಸುಹೈಲ್ ಎಂಬ ಟಯರ್ ಅಂಗಡಿ. "ಅಪ್ಪನ ಹೆಸರು ಸುಹೈಲ್ ಮಾಡುವ. ಮತರ್ ಬಿನ್ ಸುಹೈಲ್. ಇನ್ನಾಲಿಲ್ಲಾಹಿ, ಪಾಪ, ಒಳ್ಳೆ ಮನುಷ್ಯ, ತೀರಿಕೊಂಡ್ರು!" ಎರಡು ದಿನದಲ್ಲಿ ಮೊದಲ ಬಾರಿಗೆ ಚಾಮರಾಜ ನಕ್ಕ. ತಪ್ಪದೆ ಬರಲೆಂದು ಆ ಹೆಸರನ್ನು ಕರಾಮ ಮುಟ್ಟುವವರೆಗೂ ಮಂತ್ರದಂತೆ ಬಾಯಲ್ಲಿ ಹೇಳಿಕೊಂಡ.

ಗುರುವಾರ ಸೈಫ್ ಹನ್ನೆರಡೂವರೆಗೆ ಬಂದ. ಚಾಮರಾಜ ಬಂದೂಕನ್ನು ಒರೆಸಿ ಇಟ್ಟಿದ್ದ. ಕಂಬಳಿ ಬಿಚ್ಚಿ ಎರಡೂ ಕೈಯಲ್ಲಿ ನೀಡಿದ. ಹೊರೆ ಇಳಿದಂತಾದರೂ ಬೆರಳುಗಳು ಒಂದು ಗಳಿಗೆ ಬಿಡಲು ತಡೆದವು.

ಸೈಫ್ ಚಂದ್ರನ ಮೇಲೆ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿದ. ಚುಕ್ಕಿಗಳನ್ನು ಒಂದೊಂದಾಗಿ ಮುಟ್ಟಿದ. "ಇದೊಂದು ಹೊಸದು."

"ನಾನೇ ಹಾಕಿದ್ದು ಸಾರ್. ಬಿದ್ದುಹೋಗಿತ್ತು."

"ದೊಡ್ಡತ್ತೆಯ ಚುಕ್ಕಿ," ಎಂದ ಸೈಫ್. ಜೇಬಿನಿಂದ ಒಂದು ದಪ್ಪ ಲಕೋಟೆ ತೆಗೆದ.

"ಬೇಡ ಸಾರ್. ನಿಮ್ಮ ವಸ್ತು ನಿಮಗೆ ಬಂತು."

ಸೈಫ್ ಒತ್ತಾಯ ಮಾಡಲಿಲ್ಲ. ಲಕೋಟೆ ಒಳಗೆ ಹೋಯಿತು. "ಹೆಸರು?"

ಚಾಮರಾಜ ತಯಾರಾಗಿದ್ದ. ತಡವರಿಸದೆ ಹೇಳಿದ. "ಒಬ್ಬರು ಮುದುಕರು. ರಿಪೇರಿಗೆ ತಂದ್ರು, ವಾಪಸು ತಗೊಂಡು ಹೋಗಲಿಲ್ಲ. ಈಗ ಇಲ್ಲ, ತೀರಿಕೊಂಡ್ರಂತೆ. ಮತರ್ ಬಿನ್ ಸುಹೈಲ್ ಅಂತ."

ಆ ಹೆಸರು ನೆಲಕ್ಕೆ ಬೀಳುತ್ತದೆ, ಸೈಫ್ ಯಾರದು ಎಂದು ಹುಬ್ಬು ಗಂಟಿಕ್ಕುತ್ತಾನೆ, ಹುಡುಕಿ ಸಾಕಾಗಿ ಬಿಡುತ್ತಾನೆ ಎಂದು ಅವನು ಲೆಕ್ಕ ಹಾಕಿದ್ದ. ಸೈಫ್ ಹುಬ್ಬು ಗಂಟಿಕ್ಕಲಿಲ್ಲ. ನಿಧಾನವಾಗಿ ಹಲಗೆಗಳ ಮೇಲೆ ಕೂತ.

"ಮತರ್ ಬಿನ್ ಸುಹೈಲ್," ಎಂದ, ತನಗೆ ತಾನೇ. "ಹೌದು. ತೀರಿಕೊಂಡ. ಕಳೆದ ರಂಜಾನಿನಲ್ಲಿ."

ಚಾಮರಾಜನಿಗೆ ಮೊದಲು ಅರ್ಥವಾಗಲಿಲ್ಲ.

"ಅಜ್ಜಿ ಮೊದಲಿನಿಂದಲೂ ಅವನ ಹೆಸರನ್ನೇ ಹೇಳುತ್ತಿದ್ದಳು. ಬಾವಿಯ ಆಚೆ ಊರಿನವನು. ಅಪ್ಪ ಒಪ್ಪಲಿಲ್ಲ. ಮತರ್ ಅಂಥವನಲ್ಲ, ಅಜ್ಜನ ಹೆಣ ಹೊತ್ತು ತಂದವರಲ್ಲಿ ಅವನೂ ಒಬ್ಬ ಎನ್ನುತ್ತಿದ್ದ. ನಾನೂ ಒಪ್ಪಿರಲಿಲ್ಲ." ಸೈಫ್‌ನ ದನಿ ಈಗಲೂ ಏರಲಿಲ್ಲ. "ಅವನ ಕಿರಿಮಗನೂ ನಾನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು."

"ಸಾರ್," ಎಂದ ಚಾಮರಾಜ. "ಸಾರ್, ಹೆಸರು ನನಗೆ ಸರಿಯಾಗಿ ನೆನಪಿಲ್ಲ. ಹಳೇ ಮಾತು. ಬೇರೆ ಇರಬಹುದು. ನನಗೆ ಅರಬಿ ಓದಕ್ಕೆ ಬರಲ್ಲ..."

ಸೈಫ್ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟ. "ಹೆದರಬೇಡ. ಮೊದಲ ಸಲ ತಡವರಿಸದೆ ಹೇಳಿದೆಯಲ್ಲ, ಅದು ನಿಜ. ಈಗಿನದು ಹೆದರಿಕೆ. ನಿನ್ನ ಹೆಸರು ಎಲ್ಲೂ ಬರುವುದಿಲ್ಲ, ಮಾತು ಕೊಡುತ್ತೇನೆ."

"ಅವರ ಮಕ್ಕಳು..."

"ನಾಲ್ವರು," ಎಂದ ಸೈಫ್.

ಬಂದೂಕನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ತೋಳಿಗೆ ಆನಿಸಿಕೊಂಡು ಅವನು ಹೊರಗೆ ನಡೆದ. ಚಾಮರಾಜ ಹಿಂದೆಯೇ ಓಡಿದ. ಅಂಗಳದಲ್ಲಿ ಬಿಸಿಲು ತಗಡಿನಂತೆ ಹೊಳೆಯುತ್ತಿತ್ತು. ನಾಲ್ವರನ್ನು ಬಿಡಿಸಲು ಒಂದೇ ಒಂದು ದಾರಿಯಿತ್ತು. ನಿಜವಾದ ಹೆಸರು. ಅದು ನಾಲಿಗೆಯ ತುದಿಗೆ ಬಂದಿತ್ತು, ಬಾಯಿ ತೆರೆದರೆ ಸಾಕು. ಅದರ ಹಿಂದೆಯೇ ಖರ್ಜೂರದ ತಟ್ಟೆ ಹಿಡಿದು ನಿಂತ ರಾಶಿದ್, ಹಸಿರು ಬೆಕ್ಕು.

ಸೈಫ್ ಗಾಡಿ ಹತ್ತಿ, ಅವನನ್ನು ಕಂಡು, ಗಾಜು ಇಳಿಸಿದ. "ಏನು?"

ಚಾಮರಾಜ ಕಿಟಕಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ತಗಡು ಸುಡುತ್ತಿತ್ತು. ಸೈಫ್ ಕಾದ. ಅವನಿಗೆ ಅವಸರವೇನೂ ಇರಲಿಲ್ಲ.

"ಏನಿಲ್ಲ ಸಾರ್," ಎಂದ ಚಾಮರಾಜ. "ಬಿಸಿಲಲ್ಲಿ ಇಡಬೇಡಿ. ಅಂಟು ಬಿಟ್ಟುಕೊಳ್ಳುತ್ತೆ."

ಸೈಫ್ ತಲೆಯಾಡಿಸಿದ. ಹಿಂದಿನ ಸೀಟಿಗೆ ಕೈ ಚಾಚಿ ಕಂಬಳಿಯನ್ನು ನೆರಳಿನ ಕಡೆಗೆ ಸರಿಸಿದ. ಗಾಜು ಮೇಲೇರಿತು. ಗಾಡಿ ಗೇಟು ದಾಟಿ, ಊರಿನ ಕಡೆಗೆ ತಿರುಗದೆ, ಬೆಟ್ಟದ ಸೀಮೆಯ ರಸ್ತೆ ಹಿಡಿಯಿತು.